ನೀರಿಗಿಳಿದ ಜಿಂಕೆ

"ಏಯ್, ಕಳ್ಳಬೇಟೆಗಾರ! ಹಿಂದಕ್ಕೆ ಹೋಗು, ಹಿಂದಕ್ಕೆ. ಮೊದಲು ಮನುಷ್ಯರದ್ದಾಗ್ಲಿ. ಆಮೇಲೆ ನಾಯಿಗಳದ್ದು. ಅದೂ ಉಳಿದ್ರೆ ನಿಂದು!"

ಸರ್ ಆಂಬ್ರೋಸ್ ಹಾಕ್ಲಿ ಇದನ್ನು ಮೆಲ್ಲಗೆ ಹೇಳಲಿಲ್ಲ. ಕೋಟೆಯಲ್ಲಿ ಉಳಿದಿದ್ದ ಮೂವತ್ತೆಂಟು ಜನವೂ ಬೋಗುಣಿ ಹಿಡಿದು ಕೊಪ್ಪರಿಗೆಯ ಮುಂದೆ ಸಾಲು ನಿಂತಿದ್ದಾಗ, ಕೊಟ್ಟಕೊನೆಯವನ ಕಿವಿಗೂ ಬೀಳುವಂತೆ ಹೇಳಿದ. ನಾಯಿಗಳನ್ನು ಕ್ರಿಸ್‌ಮಸ್ಸಿಗೆ ಮೊದಲೇ ಬೇಯಿಸಿ ತಿಂದಾಗಿತ್ತು. ಅದು ನಗುವವರಿಗೆಲ್ಲ ಗೊತ್ತಿತ್ತು. ಆದರೂ ಕೋಟೆಯ ಅಧಿಪತಿ ತಮಾಷೆ ಮಾಡಿದ ಮೇಲೆ ನಗಬೇಕು, ನಕ್ಕರು. ಹಸಿದ ಹೊಟ್ಟೆಯ ನಗು ಎಷ್ಟು ಹೊತ್ತು ನಿಲ್ಲುತ್ತದೆ? ಸಾರಿನ ಹಬೆ ಮೂಗಿಗೆ ಬಡಿದದ್ದೇ ಎಲ್ಲರೂ ಮತ್ತೆ ಕೊಪ್ಪರಿಗೆಯತ್ತ ಕತ್ತು ಚಾಚಿದರು.

ಡಿಕನ್ ರಡ್ ಸಾಲಿನ ಬಾಲಕ್ಕೆ ಹೋಗಿ ನಿಂತ. ಇಪ್ಪತ್ಮೂರರ ಹುಡುಗ, ಬಡಕಲು, ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಜಿಂಕೆಯನ್ನು ಹಿಂದಿನ ದಿನ ಹಿಡಿದವನು ಅವನೇ. ಅದನ್ನು ಹೇಳುವ ಹಾಗಿರಲಿಲ್ಲ. ಹೇಳಿದರೆ ನೇಣು.

ಆ ಕಟ್ಟಳೆಯನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದ್ದರು. ಈ ಕಾಡು ಇಂಗ್ಲೆಂಡಿನ ಮಹಾರಾಜರದು, ಇಲ್ಲಿನ ಜಿಂಕೆಗಳು ಮಹಾರಾಜರವು, ಮನೆತನಸ್ಥರು ಮಾತ್ರ ಬೇಟೆಯಾಡತಕ್ಕದ್ದು, ಕೂಲಿಯವರಲ್ಲಿ ಯಾವನಾದರೂ ಜಿಂಕೆ ಕೊಂದರೆ ಅವನ ಕತ್ತಿಗೆ ಹಗ್ಗ. ಆ ಕಾಡನ್ನು ಮಹಾರಾಜ ಒಂದು ದಿನವೂ ಕಂಡವನಲ್ಲ. ಕಾಡೂ ಅವನನ್ನು ಕಂಡಿರಲಿಲ್ಲ. ಮೂರು ಸಾವಿರ ಮೈಲಿ ಸಮುದ್ರ ದಾಟಿ ಬಂದವರು ಹಡಗಿನಲ್ಲಿ ನೇಗಿಲು ತರಲು ಮರೆತಿದ್ದರು. ಕಟ್ಟಳೆಯನ್ನು ಮಾತ್ರ ಎಣ್ಣೆಬಟ್ಟೆಯಲ್ಲಿ ಸುತ್ತಿ ಒಂದು ಹನಿ ನೀರು ತಾಗದಂತೆ ತಂದಿದ್ದರು.

ಬಂದವರು ನೂರಾಹತ್ತು ಜನ. ಅರ್ಧಕ್ಕಿಂತ ಹೆಚ್ಚು ಮನೆತನಸ್ಥರು, ಅಂದರೆ ಹುಟ್ಟಿದ್ದೇ ಒಂದು ದೊಡ್ಡ ಕೆಲಸ, ಇನ್ನು ಮಾಡುವುದೇನಿದೆ ಎಂದುಕೊಂಡವರು. ಜೊತೆಗೊಬ್ಬ ಅತ್ತರು ಮಾಡುವವ, ಒಬ್ಬ ಟೋಪಿಗೆ ಗರಿ ಕಟ್ಟುವವ, ಚಿನ್ನ ಸಿಕ್ಕರೆ ಬೇಕಾಗುತ್ತದೆಂದು ಇಬ್ಬರು ಅಕ್ಕಸಾಲಿಗರು. ಬಿತ್ತನೆ ಬಲ್ಲ ಒಕ್ಕಲು ಮಕ್ಕಳು ಮೂವರಿದ್ದರು. ಅವರನ್ನು ಚಿನ್ನ ಅಗೆಯಲು ಹಚ್ಚಿ, ಬೇಸಗೆ ಮುಗಿಯುವುದರೊಳಗೆ ಆ ಗುಂಡಿಯ ಪಕ್ಕದಲ್ಲೇ ಹೂತರು. ಹೂಳುವಾಗಲೂ ಮನೆತನಸ್ಥರಿಗೆ ಚರ್ಚಿನ ಹತ್ತಿರ ಜಾಗ, ಕೂಲಿಯವರಿಗೆ ಬೇಲಿಯಂಚು. ಊಟದ ಸಾಲೂ ಹಾಗೆಯೇ. ಮೇಲಿನವರಿಗೆ ತುಂಡು, ನಡುವಿನವರಿಗೆ ಮೂಳೆ, ಕೆಳಗಿನವರಿಗೆ ತುಂಡು ಮುಳುಗಿದ್ದ ನೀರು.

ಸಾಲು ಕರಗಿದ ಮೇಲೆ ಅಡುಗೆಯ ಮಾರ್ಜರಿ ಡಿಕನ್‌ನನ್ನು ಕಣ್ಸನ್ನೆಯಲ್ಲಿ ಕರೆದಳು. ಗಂಡನನ್ನು ಮೊದಲ ಬೇಸಗೆಯ ಜ್ವರದಲ್ಲಿ ಕಳೆದುಕೊಂಡ ವಿಧವೆ, ಬಾಯಿ ಮಾತ್ರ ಮೂವರು ಗಂಡಂದಿರನ್ನು ಸಾಕುವಷ್ಟು ಗಟ್ಟಿ.

"ಬಾರೋ ಇಲ್ಲಿ. ತಳದಲ್ಲಿ ಒಂದು ತುಂಡು ಅಡಗಿಸಿಟ್ಟಿದೀನಿ."

"ನಾಯಿಗಳದ್ದಾಯ್ತಾ ಅಕ್ಕ?"

"ಹಲ್ಲು ಕಡೀಬೇಡ, ಬಾಡು ಕಡಿ. ನಿನ್ನ ಕೋಪಕ್ಕೂ ಉಪ್ಪಿಲ್ಲ, ನನ್ನ ಸಾರಿಗೂ ಉಪ್ಪಿಲ್ಲ."

"ನಾನು ಹಿಡಿದಿದ್ದು ಅಕ್ಕ ಅದು. ನಾನು!"

"ಕೂಗು, ಇನ್ನೂ ಗಟ್ಟಿಯಾಗಿ ಕೂಗು. ನಾಳೆ ನಿನ್ನ ಹೆಣ ಇಳಿಸೋಕೆ ನನಗೆ ಪುರುಸೊತ್ತಿಲ್ಲ."

ಡಿಕನ್‌ಗೆ ಜಿಂಕೆಯ ವಿದ್ಯೆ ಹೊಸದಲ್ಲ. ಸಸೆಕ್ಸಿನಲ್ಲಿ ಒಬ್ಬ ಜಮೀನ್ದಾರನ ತೋಪಿನೊಳಗೆ ಹೆಣ್ಣು ಜಿಂಕೆಯ ಸಮೇತ ಸಿಕ್ಕಿಬಿದ್ದಿದ್ದ. ಜೈಲೋ ವರ್ಜೀನಿಯಾವೋ ಆರಿಸಿಕೋ ಎಂದರು. ಜೈಲಿನ ಗಂಜಿಗಿಂತ ವರ್ಜೀನಿಯಾ ವಾಸಿ ಎಂದು ಹಡಗು ಹತ್ತಿದ. ಜೈಲಿನಲ್ಲಿ ಗಂಜಿಯಾದರೂ ಇತ್ತೆಂದು ಹೊಳೆಯುವ ಹೊತ್ತಿಗೆ ದಡ ಕಣ್ಣಿಗೆ ಮರೆಯಾಗಿತ್ತು.

ಇಲ್ಲಿ ಮನೆತನಸ್ಥರು ಬೇಟೆಗೆ ಹೋಗದೆ ಇರಲಿಲ್ಲ. ಹೋಗುತ್ತಿದ್ದರು. ಮುಂದೊಬ್ಬ ಕೊಂಬು ಊದುವವ, ಹಿಂದೆ ಬೊಗಳುವ, ಆಗಿನ್ನೂ ಸಾರಿಗೆ ಬೀಳದ ನಾಯಿಗಳು, ನಡುವೆ ಕಬ್ಬಿಣದ ಕವಚ ಖಣಖಣ ಎನ್ನಿಸುತ್ತ ಹದಿನೈದು ಜನ. ಮೊದಲ ಬಾಣ ಯಾರು ಬಿಡಬೇಕು ಎಂಬುದಕ್ಕೆ ಅಜ್ಜನ ಕಾಲದ ಹಕ್ಕಿನ ಜಗಳ. ಜಗಳ ತೀರುವಷ್ಟರಲ್ಲಿ ಜಿಂಕೆ ಇನ್ನೊಂದು ಹೊಳೆ ದಾಟಿರುತ್ತಿತ್ತು. ಇದನ್ನು ಆಚೆ ದಡದ ಹಳ್ಳಿಯವರು ದಿನವೂ ನೋಡುತ್ತಿದ್ದರು.

"ನಿಮ್ಮೋರು ಬೇಟೆಗೆ ಹೋಗ್ತಾರೋ, ಮದುವೆ ದಿಬ್ಬಣ ಹೋಗ್ತಾರೋ?" ಎಂದು ಕೇಳಿದವಳು ನಮೊಂತ. ಆ ಹಳ್ಳಿಯ ಮುದುಕಿ. ಜೌಗಿನಲ್ಲಿ ಗೆಡ್ಡೆ ಕೀಳುತ್ತಿದ್ದಾಗ ಡಿಕನ್ ಎದುರಾಗಿದ್ದ. ಅವಳ ಮಾತು ಅರ್ಧ, ಇವನ ಮಾತು ಅರ್ಧ, ಉಳಿದದ್ದು ಕೈಬಾಯಿ ಸನ್ನೆ. ಬೈಗುಳಕ್ಕೆ ಅಷ್ಟು ಸಾಕು.

ಎಳೆಯ ಮರವನ್ನು ಬಗ್ಗಿಸಿ, ತುದಿಗೆ ಉರುಳು ಕಟ್ಟಿ, ಜಿಂಕೆ ನೀರಿಗಿಳಿಯುವ ದಾರಿಯಲ್ಲಿ ತರಗೆಲೆ ಮುಚ್ಚಿಡುವುದನ್ನು ಅವಳು ತೋರಿಸಿಕೊಟ್ಟಳು. ಕಾಲಿಟ್ಟರೆ ಮರ ಚಿಮ್ಮಿ ನೆಟ್ಟಗಾಗುತ್ತದೆ, ಜಿಂಕೆ ಮೇಲೆ ತೂಗುತ್ತದೆ. ಸಸೆಕ್ಸಿನ ಉರುಳು ಇದರ ಮುಂದೆ ಕೂಸಿನ ಆಟ. ಪುಕ್ಕಟೆ ವಿದ್ಯೆಯೇನಲ್ಲ. ಡಿಕನ್‌ನ ಚಾಕು ಅವಳ ಪಾಲಾಯಿತು, ಸಿಕ್ಕ ಜಿಂಕೆಯ ಚರ್ಮವೆಲ್ಲ ಅವಳ ಪಾಲು ಎಂದೂ ಮಾತಾಯಿತು.

"ಜಿಂಕೆ ನಿಮ್ಮ ರಾಜಂದಾ? ಅವನೇನು ಹೆತ್ತನಾ?" ಎಂದಳು ಕಟ್ಟಳೆಯ ಸಂಗತಿ ಕೇಳಿ, ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ.

ಹಿಡಿದದ್ದನ್ನು ಕೋಟೆಯೊಳಗೆ ತರುವ ಉಪಾಯ ಮಾರ್ಜರಿಯದು. 'ಹಳ್ಳಿಯವರು ಮಣಿ ತಗೊಂಡು ಕೊಟ್ರು' ಎಂದುಬಿಟ್ಟಳು. ಅಲ್ಲಿಗೆ ಮುಗಿಯಿತು, ಯಾರೂ ಮರುಪ್ರಶ್ನೆ ಹಾಕಲಿಲ್ಲ. ಹಳ್ಳಿಯವನು ಕೊಂದರೆ ಅದು ವ್ಯಾಪಾರ. ದೊರೆ ಕೊಂದರೆ ಕ್ರೀಡೆ. ಡಿಕನ್ ಕೊಂದರೆ ಕಳವು. ಜಿಂಕೆಗೆ ಮಾತ್ರ ಮೂರೂ ಒಂದೇ. ಸರ್ ಆಂಬ್ರೋಸ್ ಅಂತೂ ಬಾಯಿ ಒರೆಸಿಕೊಂಡು, ತನ್ನ ಮುಖದ ತೇಜಸ್ಸಿಗೆ ಹೆದರಿ ಕಾಡಿನ ಜನ ಕಪ್ಪಕಾಣಿಕೆ ತರುತ್ತಿದ್ದಾರೆಂದು ಲಂಡನ್ನಿನ ಕಂಪನಿಗೆ ಕಾಗದ ಬರೆದಿಟ್ಟ.

ಹೀಗೆ ಚಳಿಗಾಲ ಸಾಗುತ್ತಿತ್ತು. ಫೆಬ್ರವರಿಯ ಒಂದು ಬೆಳಗ್ಗೆ ಡಿಕನ್ ಜೌಗಿನ ದಾರಿಯ ಉರುಳು ನೋಡಲು ಹೋದ. ಮರ ಚಿಮ್ಮಿ ನೆಟ್ಟಗಾಗಿತ್ತು. ಭಾರಿ ಪ್ರಾಣಿ ಎಂದುಕೊಂಡು ಹಿಗ್ಗಿ ಪೊದೆ ಸರಿಸಿದ. ಒಂದು ಕಾಲಿನಲ್ಲಿ ತಲೆಕೆಳಗಾಗಿ, ಮಂಡಿಯಿಂದ ಚಲ್ಲಣ ಜಾರಿ, ಸರ್ ಆಂಬ್ರೋಸ್ ಹಾಕ್ಲಿ ತೂಗುತ್ತಿದ್ದ.

ಕಾರಣ ಇಷ್ಟೇ. ಕೋಟೆಯಲ್ಲಿದ್ದ ಪಾಯಿಖಾನೆಯ ಗುಂಡಿ ಒಂದೇ. ಕೂಲಿಯವರು ಕೂರುವ ಕಡೆ ದೊರೆ ಕೂರುವುದುಂಟೆ? ಮರ್ಯಾದೆ ಕಾಪಾಡಿಕೊಳ್ಳಲು ದಿನವೂ ಅರ್ಧ ಮೈಲಿ ನಡೆದು ಪೊದೆ ಹುಡುಕುತ್ತಿದ್ದ. ಇವತ್ತು ಮರ್ಯಾದೆ ಅವನನ್ನು ಮೇಲಕ್ಕೆತ್ತಿತ್ತು.

"ಯಾರದು?" ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ದನಿಯಲ್ಲಿ ಮಾತ್ರ ಅಧಿಪತಿ ಇನ್ನೂ ನೆಟ್ಟಗೆ ನಿಂತಿದ್ದ.

"ನಾನು, ದೊರೆ. ಡಿಕನ್."

"ಮೊದ್ಲು ಟೋಪಿ ತೆಗಿ!"

ಡಿಕನ್ ಟೋಪಿ ತೆಗೆದ. ದೊರೆಯದು ಆಗಲೇ ಕೆಸರಿನಲ್ಲಿ ಬಿದ್ದಿತ್ತು.

"ಯಾರ ಕೆಲಸ ಇದು? ಆಚೆ ದಡದ ಕಾಡುಜನದ್ದಾ? ಹೇಳು, ನಾಳೆನೇ ಹೋಗಿ ಊರಿಗೆ ಬೆಂಕಿ ಇಡಿಸ್ತೀನಿ."

ಡಿಕನ್‌ನ ನಾಲಿಗೆಯ ತುದಿಯಲ್ಲಿ 'ಹೌದು' ಕೂತಿತ್ತು. ಒಂದೇ ಮಾತು, ಕತ್ತು ಉಳಿಯುತ್ತಿತ್ತು. ಆದರೆ ದೊರೆಯ ಬೆದರಿಕೆ ಬರಿ ಬಾಯಿಮಾತಲ್ಲ. ಹಿಂದಿನ ಶರತ್ಕಾಲದಲ್ಲಿ ಒಂದು ತಾಮ್ರದ ಕೆಟಲು ಕಳುವಾಯಿತೆಂದು ಮೇಲ್ಹೊಳೆಯ ಹಳ್ಳಿಯೊಂದನ್ನು ಕಣಜದ ಸಮೇತ ಸುಟ್ಟು ಬಂದಿದ್ದರು. ಕೆಟಲು ಆಮೇಲೆ ಪಾದ್ರಿಯ ಮಂಚದ ಕೆಳಗೆ ಸಿಕ್ಕಿತು. ಇನ್ನೂ ಒಂದು ವಿಚಿತ್ರ: ಆ ಕಣಜದ ಜೋಳವನ್ನು ಸುಟ್ಟವರೇ ಈಗ ಜೋಳವಿಲ್ಲ ಎಂದು ಅಳುತ್ತಿದ್ದರು.

"ನಂದು ದೊರೆ," ಎಂದ ಡಿಕನ್.

"ನಿಂದಾ? ಜಿಂಕೆಗಾ? ಎಷ್ಟು ದಿನದಿಂದ?"

"ಡಿಸೆಂಬರಿಂದ."

"ಹಾಗಾದ್ರೆ ನಿನ್ನನ್ನ ಗಲ್ಲಿಗೇರಿಸ್ತೀನಿ ಬೇವರ್ಸಿ!"

"ಏರಿಸಿ ದೊರೆ. ಅದಕ್ಕೆ ಮೊದ್ಲು ನೀವು ಇಳೀಬೇಕಲ್ಲ."

ಬಿಟ್ಟು ಹೋಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಡಿಕನ್ ಒಂದು ಗಳಿಗೆ ಅದನ್ನೂ ಯೋಚಿಸಿದ, ಇಲ್ಲವೆಂದರೆ ಸುಳ್ಳಾಗುತ್ತದೆ. ಹಾಳಾದ್ದು, ಕೈ ಕೇಳಲಿಲ್ಲ. ಕೆಸರಿಗೆ ಬಿದ್ದಿದ್ದ ದೊರೆಯ ಕತ್ತಿಯಿಂದಲೇ ಹಗ್ಗ ಕೊಯ್ದ. ದೊರೆ ಬೆನ್ನಮೇಲೆ ಬಿದ್ದು, ಎದ್ದು, ಚಲ್ಲಣ ಕಟ್ಟಿಕೊಂಡು, ಮೊಟ್ಟಮೊದಲು ಆಡಿದ ಮಾತು ಹೀಗಿತ್ತು: "ಚಲ್ಲಣದ ವಿಷಯ ವಿಚಾರಣೇಲಿ ಬರಕೂಡದು."

ವಿಚಾರಣೆ ಚರ್ಚಿನಲ್ಲಿ ನಡೆಯಿತು. ಬೆಂಚುಗಳಲ್ಲಿ ಮನೆತನದ ಹಿರಿಮೆಗೆ ತಕ್ಕಂತೆ ಕೂರುವುದಕ್ಕೇ ಒಂದು ಗಂಟೆ ಹಿಡಿಯಿತು. ಕಾನೂನು ನೋಡಿಕೊಳ್ಳುತ್ತಿದ್ದ ವಕೀಲ ನವೆಂಬರಿನಲ್ಲಿ ಸತ್ತಿದ್ದರಿಂದ ಆ ಹೊರೆಯೂ ಪಾದ್ರಿ ಪಿಮ್‌ನ ಹೆಗಲಿಗೆ ಬಿದ್ದಿತ್ತು. ಒಂದೇ ಪುಸ್ತಕ ಓದಿದವನ ಗತ್ತೇ ತಡೆಯಲಾಗುವುದಿಲ್ಲ; ಈತ ಎರಡು ಓದಿದ್ದ.

ಡಿಸೆಂಬರಿನಿಂದ ಕೊಪ್ಪರಿಗೆಗೆ ಬಿದ್ದದ್ದೆಲ್ಲ ಈ ಕಳ್ಳನ ಜಿಂಕೆಯೇ ಎಂದು ತಿಳಿದಾಗ ಬೆಂಚುಗಳ ಮೇಲಿದ್ದವರಿಗೆ ಚಿಂತೆ ಹತ್ತಿತು. ಧರ್ಮದ್ದಲ್ಲ, ಹೊಟ್ಟೆಯದು. ಕೊನೆಗೆ ಯಾರೋ ಹಿಂದಿನಿಂದ ಕೇಳಿದರು: "ಹಾಗಾದ್ರೆ... ನಾಳೆ ಊಟಕ್ಕೆ?"

ಪಾದ್ರಿ ಪಿಮ್ ಬೆರಳು ಮಡಚಿ ಎಣಿಸಿದ. "ಬೂದಿ ಬುಧವಾರಕ್ಕೆ ಇನ್ನು ಒಂಬತ್ತು ದಿನ ಇದೆ. ಆವತ್ತಿಂದ ನಲವತ್ತು ದಿನ ಉಪವಾಸ, ಯಾರೂ ಬಾಡು ಮುಟ್ಟೋ ಹಾಗಿಲ್ಲ, ಮೀನು ಮಾತ್ರ ತಿನ್ನಬಹುದು. ಅಂದ್ಮೇಲೆ ಇವನ ಅಗತ್ಯನೂ ಇಲ್ಲ. ಅಲ್ಲೀವರೆಗೆ ಇವನು ಜಿಂಕೆ ಹಿಡೀಲಿ. ಬೂದಿ ಬುಧವಾರ ನೇಣು ಹಾಕೋಣ."

ಇಂಥ ಜಾಣ ತೀರ್ಪಿಗೆ ಬೆಂಚುಗಳೆಲ್ಲ ತಲೆದೂಗಿದವು.

"ಉಪವಾಸ ಮುಗಿದ್ಮೇಲೆ ಹಬ್ಬಕ್ಕೆ ಯಾರು ತರ್ತಾರೆ?" ಎಂದ ಡಿಕನ್.

"ದೇವರು ಒದಗಿಸ್ತಾನಪ್ಪ."

"ಇಲ್ಲೀವರೆಗೂ ಆ ದೇವರು ನನ್ನ ಕೈಲೇ ಹೊರಿಸ್ತಿದ್ದ ಪಾದ್ರಿಗಳೇ. ಬೇರೆ ಆಳು ಸಿಕ್ಕಿದ್ನಾ?"

"ಓಡಿಹೋದ್ಯೋ, ಅಡುಗೆಯವಳನ್ನ ನೇಣು ಹಾಕ್ತೀವಿ," ಎಂದ ಸರ್ ಆಂಬ್ರೋಸ್. "ಅವಳೂ ಕಳವಿನಲ್ಲಿ ಪಾಲುಗಾರ್ತಿ."

ಅಲ್ಲಿಗೆ ಡಿಕನ್‌ನ ಕಾಲಿಗೆ ಸರಪಳಿ ಹಾಕಿದಂತಾಯಿತು. ಒಂಬತ್ತು ದಿನವೂ ಜೌಗಿಗೆ ಹೋದ, ಬಂದ. ಕಾವಲಿಗೆ ಇಬ್ಬರು ಮನೆತನಸ್ಥರು ಜೊತೆಗೆ ಬಂದರು, ಉರುಳಿನ ಜಾಗದ ತನಕ ಮಾತ್ರ ಬರಲಿಲ್ಲ, ಅಲ್ಲಿ ಕೆಸರಿತ್ತು. ಆಚೆ ದಡದಿಂದ ನಮೊಂತ ಕೈಬೀಸಿ ಕರೆದಳು, ದಾಟಿ ಬಾ ಎಂದು. ಇವನು ಕೋಟೆಯ ಕಡೆ ಬೆರಳು ಮಾಡಿ, ಹೆಂಗಸೊಬ್ಬಳ ಸನ್ನೆ ಮಾಡಿ, ಕತ್ತಿನ ಸುತ್ತ ಕೈ ಎಳೆದು ತೋರಿಸಿದ. ಮುದುಕಿ ನೆಲಕ್ಕೆ ಉಗಿದು ಹೋದಳು.

ಇನ್ನೊಂದು ತೊಡಕು ಎದ್ದಿತು. ಗಲ್ಲುಗಂಬ ನೆಡಬೇಕು. ಮರ ಕಡಿಯಬೇಕು, ಗುಂಡಿ ತೋಡಬೇಕು. ಬಡಗಿ ಸತ್ತಿದ್ದ. ಗುಂಡಿ ತೋಡುವುದು ಮನೆತನಸ್ಥರು ಮಾಡುವ ಕೆಲಸವಲ್ಲ. ಸರ್ ಆಂಬ್ರೋಸ್ ಕೊಡಲಿಯನ್ನೂ ಸನಿಕೆಯನ್ನೂ ಡಿಕನ್‌ನ ಮುಂದೆ ಹಾಕಿಸಿದ.

"ಅದನ್ನೂ ನಾನೇ ನೆಡಬೇಕಾ ದೊರೆ?"

"ನಿನ್ನ ಉಪಯೋಗಕ್ಕೇ ಅಲ್ವೇನೋ? ಬೇರೆಯವರು ಯಾಕೆ ಮೈ ಬಗ್ಗಿಸ್ಬೇಕು?"

ನೆಟ್ಟ. ಇಂಗ್ಲಿಷರು ಆ ನೆಲದಲ್ಲಿ ನೆಟ್ಟವುಗಳಲ್ಲಿ ಬೇರುಬಿಟ್ಟು ನಿಂತದ್ದು ಅದೊಂದೇ.

ಬೂದಿ ಬುಧವಾರ ಬಂತು. ಬೆಳಗಿನ ಪ್ರಾರ್ಥನೆಯಾಯಿತು. ಊಟದ ನಂತರ ನೇಣು ಎಂದು ನಿಗದಿಯಾಗಿತ್ತು, ಹಸಿದ ಹೊಟ್ಟೆಯಲ್ಲಿ ಅಂಥದ್ದು ನೋಡಬಾರದಂತೆ. ಎಲ್ಲರೂ ಬೋಗುಣಿ ಹಿಡಿದು ಹಿರಿಮೆಯ ಪ್ರಕಾರ ಸಾಲು ನಿಂತರು. ಮಾರ್ಜರಿ ಕೊಪ್ಪರಿಗೆಯ ಮುಚ್ಚಳ ತೆಗೆದು, ಮೊದಲ ಸೌಟು ಸರ್ ಆಂಬ್ರೋಸನ ಬೋಗುಣಿಗೆ ಸುರಿದಳು.

"ಇದೇನಿದು?"

"ಬಿಸಿನೀರು ದೊರೆ. ಉಪವಾಸದ ಸಾರು."

"ಮೀನು ಎಲ್ಲಿ?"

"ಹೊಳೇಲಿದೆ."

ಹೊಳೆಯಲ್ಲಿ ಮೀನು ಬೇಕಾದಷ್ಟಿತ್ತು, ಒಂದೊಂದೂ ಆಳೆತ್ತರ. ಬಲೆಗಳು ಹಡಗಿನ ತಳದಲ್ಲೇ ಕೊಳೆತು ಹೋಗಿದ್ದವು. ಹಿಂದಿನ ವಾರ ನಾಲ್ವರು ಮನೆತನಸ್ಥರು ಬಾಣಲೆಯಲ್ಲಿ ಮೀನು ಮೊಗೆಯಲು ನೋಡಿ ಬಾಣಲೆಯನ್ನೂ ಕಳೆದುಕೊಂಡು ಬಂದಿದ್ದರು. ಮಾರ್ಜರಿ ಯಾರಿಗೂ ಮೋಸ ಮಾಡಲಿಲ್ಲ. ಮೇಲಿನವರಿಗೆ ಮೇಲಿನ ನೀರು, ನಡುವಿನವರಿಗೆ ನಡುವಿನದು, ಕೆಳಗಿನವರಿಗೆ ತಳದ್ದು. ಒಬ್ಬೊಬ್ಬರೂ ತಮ್ಮ ಬೋಗುಣಿಯಲ್ಲಿ ತಮ್ಮದೇ ಮುಖ ನೋಡಿಕೊಂಡರು. ಆಮೇಲೆ ಗಲ್ಲುಗಂಬದ ಕೆಳಗೆ, ಕತ್ತಿಗೆ ಹಗ್ಗ ಹಾಕಿಸಿಕೊಂಡು ಪೀಪಾಯಿಯ ಮೇಲೆ ನಿಂತಿದ್ದ ಡಿಕನ್‌ನನ್ನು ನೋಡಿದರು. ಉಪವಾಸ ಇನ್ನೂ ಮೂವತ್ತೊಂಬತ್ತು ದಿನ.

ಡಿಕನ್ ಪೀಪಾಯಿಯ ಮೇಲಿಂದ ಒಬ್ಬೊಬ್ಬರ ಬೋಗುಣಿಯನ್ನೂ ಇಣುಕಿ ನೋಡಿದ.

ಪಾದ್ರಿ ಪಿಮ್ ಬೋಗುಣಿ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಪೀಪಾಯಿಯ ಹತ್ತಿರ ಬಂದ. "ಮಗು, ಒಂದು ಮಾತು. ಆ ಜಿಂಕೆ ಸಿಗೋ ಜಾಗದಲ್ಲಿ ನೀರಿದೆಯಾ?"

"ಜೌಗು. ಮೊಣಕಾಲುದ್ದ."

"ಜಿಂಕೆ ಈಜುತ್ತಾ?"

"ಹೊಳೇನೇ ದಾಟುತ್ತೆ."

ಪಾದ್ರಿ ಕಣ್ಣು ಮುಚ್ಚಿದ. ತೆರೆದಾಗ ಮುಖದಲ್ಲಿ ಸಾಕ್ಷಾತ್ ಬೆಳಕಿತ್ತು. "ಮಹನೀಯರೇ! ನೀರಲ್ಲಿ ಇರುತ್ತೆ, ನೀರಲ್ಲಿ ಈಜುತ್ತೆ, ನೀರಲ್ಲಿ ಸಿಗುತ್ತೆ. ಇದು ಮೀನು."

ಮೂವತ್ತೇಳು ಹೊಟ್ಟೆಗಳು ಒಮ್ಮೆಲೇ ಆಮೆನ್ ಎಂದವು.

"ಕೊಂಬು?" ಎಂದ ಸರ್ ಆಂಬ್ರೋಸ್, ಪೂರ್ತಿ ಸಮಾಧಾನವಾಗದೆ.

"ಮುಳ್ಳು ದೊರೆ. ದೊಡ್ಡ ಮುಳ್ಳು. ಮಹಾರಾಜರ ಕಟ್ಟಳೆ ಜಿಂಕೆಗೆ. ಮೀನು ಯಾರು ಬೇಕಾದ್ರೂ ಹಿಡೀಬಹುದು. ಹಾಗಾಗಿ ಇವನು ಕಳ್ಳಬೇಟೆಗಾರ ಅಲ್ಲ, ಬೆಸ್ತ."

"ನಂದೊಂದು ಸಂದೇಹ ಪಾದ್ರಿಗಳೇ," ಎಂದಳು ಮಾರ್ಜರಿ ಸೌಟು ಎತ್ತಿ ಹಿಡಿದು. "ಅದೇ ಉರುಳಿಗೆ ಮೊನ್ನೆ ದೊರೆನೂ ಬಿದ್ದಿದ್ರಲ್ಲ. ಅವರು ಯಾವ ಜಾತಿ ಮೀನು?"

ಕೂಲಿಯವರ ಸಾಲು ಬಗ್ಗಿ ಬಗ್ಗಿ ಕೆಮ್ಮಿತು. ಡಿಕನ್‌ನನ್ನು ಪೀಪಾಯಿಯಿಂದ ಇಳಿಸಿದರು. ಹಗ್ಗವನ್ನು ಮಾತ್ರ ಇಳಿಸಲಿಲ್ಲ. ಕ್ಷಮೆ ಕೊಡುವುದು ಅಧಿಪತಿಯ ಹಕ್ಕು, ತನ್ನ ಮನಸ್ಸು ಬಂದಾಗ ಕೊಡುತ್ತೇನೆ, ಅಲ್ಲಿಯವರೆಗೆ ಹಗ್ಗ ಅಲ್ಲೇ ಗಾಳಿಗೆ ಆಡಲಿ ಎಂದ ಸರ್ ಆಂಬ್ರೋಸ್. ಆ ಹಗ್ಗದ ಕೆಳಗೆ ಹಾದು ಡಿಕನ್ ದಿನವೂ ಮೀನು ಹಿಡಿಯಲು ಹೋದ. ಕೋಟೆಯ ಜನ ನಲವತ್ತು ದಿನವೂ ಕಟ್ಟುನಿಟ್ಟಾಗಿ ಉಪವಾಸ ಮಾಡುತ್ತ ಕೆನ್ನೆ ತುಂಬಿಕೊಂಡರು. ಆ ಉಪವಾಸದಲ್ಲಿ ಸತ್ತವರು ಒಬ್ಬರೂ ಇಲ್ಲ.

ಏಪ್ರಿಲ್‌ನಲ್ಲಿ ಹಡಗು ಬಂತು. ಅದರಲ್ಲಿ ಹಿಟ್ಟು ಆರು ಪೀಪಾಯಿ, ಚರ್ಚಿಗೊಂದು ಗಂಟೆ, ಎರಡು ನಿಲುವುಗನ್ನಡಿ, ಮತ್ತು ನೂರಿಪ್ಪತ್ತು ಹೊಸ ಮನೆತನಸ್ಥರು. ಹಡಗಿನ ಕಪ್ತಾನ ಮಾರ್ಜರಿಯ ಸಾರು ಕುಡಿದವನೇ ಅವಳನ್ನು ಮರುಪ್ರಯಾಣಕ್ಕೆ ಅಡುಗೆಯವಳಾಗಿ ಕರೆದ. ಅವಳು ಎರಡನೇ ಮಾತಾಡದೆ ಗಂಟು ಕಟ್ಟಿ ಹಡಗು ಹತ್ತಿದಳು.

"ಬಾರೋ ನೀನೂ," ಎಂದಳು ಹಲಗೆಯ ಮೇಲೆ ನಿಂತು.

"ಅಲ್ಲೂ ಜಿಂಕೆ ಅವರದ್ದೇ ಅಕ್ಕ."

ಅವಳು ಅವನ ತಲೆಗೊಂದು ಮೊಟಕಿ, ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯ ಅಂಚನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು.

ಮರುದಿನ ಕೋಟೆಯ ಅಂಗಳದಲ್ಲಿ ಹೊಸಬರನ್ನೆಲ್ಲ ಸೇರಿಸಿ ಸರ್ ಆಂಬ್ರೋಸ್ ಕಂಪನಿಗೆ ಕಳಿಸಿದ ವರದಿಯ ಪ್ರತಿಯನ್ನು ಓದಿಸಿದ. ವಸಾಹತು ಉಳಿದದ್ದು ದೈವಕೃಪೆಯಿಂದ, ಅಧಿಪತಿಯ ಶಿಸ್ತಿನಿಂದ, ಮತ್ತು ಅಧಿಪತಿ ತನ್ನ ಕಾಲನ್ನೇ ಪಣಕ್ಕಿಟ್ಟು ಪರೀಕ್ಷಿಸಿದ ಹೊಸ ಬಗೆಯ ಮೀನುಗಾರಿಕೆಯಿಂದ ಎಂದು ಪಾದ್ರಿ ಪಿಮ್ ಏರುದನಿಯಲ್ಲಿ ಓದಿದ. ಹೊಸಬರು ಕೈತಟ್ಟಿದರು. ಆರು ಪೀಪಾಯಿ ಹಿಟ್ಟು ನೂರೈವತ್ತು ಬಾಯಿಗೆ ಎಷ್ಟು ದಿನ ಎಂದು ಅವರಾರೂ ಇನ್ನೂ ಯೋಚಿಸಿರಲಿಲ್ಲ. ಸರ್ ಆಂಬ್ರೋಸ್ ಯೋಚಿಸಿದ್ದ.

"ಎಲ್ಲಿ, ಆ ನಮ್ಮ ಕಳ್ಳನ್ನ ಕರೀರಿ," ಎಂದ, ಭಾರಿ ಔದಾರ್ಯದಿಂದ. ಡಿಕನ್ ಮುಂದೆ ಬಂದು ನಿಂತ. "ಇವತ್ತು ನಿನ್ನ ಅದೃಷ್ಟದ ದಿನ ಕಣೋ. ಈ ಮಹನೀಯರ ಎದುರಿಗೆ ಮಂಡಿಯೂರು. ತಪ್ಪಾಯ್ತು ಅನ್ನು. ಕ್ಷಮಿಸಿಬಿಡ್ತೀನಿ, ಆ ಹಗ್ಗನೂ ಇಳಿಸಿಬಿಡ್ತೀನಿ. ಆಮೇಲೆ ಇವರನ್ನ ಕರ್ಕೊಂಡು ಹೋಗಿ ಉರುಳು ಎಲ್ಲೆಲ್ಲಿ ಹಾಕಿದೀಯ ಒಂದೊಂದೇ ತೋರಿಸು. ಇನ್ಮೇಲೆ ಅದು ಮನೆತನಸ್ಥರ ಕೆಲಸ. ನೀನು ಹೊತ್ಕೊಂಡು ಬಂದ್ರೆ ಸಾಕು."

ಡಿಕನ್ ಒಮ್ಮೆ ಹೊಳೆಯ ಕಡೆ ನೋಡಿದ. ಮಾರ್ಜರಿಯ ಹಡಗು ಬೆಳಗಿನ ನೀರಿಳಿತಕ್ಕೇ ಹಾಯಿ ಬಿಚ್ಚಿ ತಿರುವು ದಾಟಿತ್ತು. ಇನ್ನು ಅವನ ಬದಲಿಗೆ ಆ ಹಗ್ಗಕ್ಕೆ ಕೊರಳು ಕೊಡುವವರು ಕೋಟೆಯಲ್ಲಿ ಯಾರೂ ಇರಲಿಲ್ಲ.

"ಮಂಡಿಯೂರೋ ಅಂದ್ರೆ! ಕಿವುಡಾ?"

ಡಿಕನ್ ಕೋಟೆಯ ಬಾಗಿಲ ಕಡೆ ತಿರುಗಿದ. ಕಾವಲಿನವನು ಕೋವಿ ಎತ್ತಿದ. ಅದರ ಬತ್ತಿಗೆ ಬೆಂಕಿ ತಾಗಿಸುವ ಮೊದಲೇ ಪಾದ್ರಿ ಪಿಮ್ ಓಡಿಬಂದು ಅವನ ಕೈ ಹಿಡಿದುಕೊಂಡ. "ಹೊಡೀಬೇಡ, ಹೊಡೀಬೇಡ! ಜಾಗ ಇನ್ನೂ ಹೇಳಿಲ್ಲ ಅವನು!"

ಅಗುಳಿ ಎತ್ತಿದ ಸದ್ದಾಯಿತು.

"ಲೋ ಡಿಕನ್! ಎಲ್ಲಿಗೋ?" ಸರ್ ಆಂಬ್ರೋಸನ ದನಿ ಒಡೆಯಿತು. "ಲೋ... ಅಯ್ಯಾ! ಡಿಕನ್ನಯ್ಯ! ಇವತ್ತಿನ ಊಟಕ್ಕಾದ್ರೂ ಒಂದು ಉರುಳು ಎಲ್ಲಿದೆ ಅಂತ ಹೇಳಿ ಹೋಗಪ್ಪ!"

ಡಿಕನ್ ಜೌಗಿನ ಅಂಚು ಹಿಡಿದು, ಆಚೆ ದಡದ ಹೊಗೆ ಕಾಣುತ್ತಿದ್ದ ಕಡೆಗೆ, ಟೋಪಿ ಹಾಕಿಕೊಂಡೇ ನಡೆದು ಹೋದ.